ನಾಲ್ಕನೇ ಗುಂಡು ಎಲ್ಲಿ ಹೋಯಿತು? ಹಗುರ ರೈಫಲ್ ಮತ್ತು ಬಿಸಿ ನಳಿಗೆ

ಭಾನುವಾರ ಬೆಳಗ್ಗೆ ಅವಲಕ್ಕಿ ತಟ್ಟೆ ಹಿಡಿದು ಕೂತಿದ್ದೆ, ಫೋನ್ ಬಡಿದುಕೊಂಡಿತು. ಭಾವಮೈದುನ, ಅಮೆರಿಕದ ಕೊಲರಾಡೊದಿಂದ. ಇಲ್ಲಿ ಪುಣೆ ಪಕ್ಕದ ಪಿಂಪ್ರಿಯಲ್ಲಿ ನಮಗೆ ಭಾನುವಾರ ಬೆಳಗ್ಗೆ ಅಂದರೆ ಅವನಿಗೆ ಇನ್ನೂ ಶನಿವಾರ ರಾತ್ರಿ.

"ಭಾವ, ನೀವು ಇಷ್ಟು ವರ್ಷ ಕಬ್ಬಿಣ ಕಾಯಿಸಿದ್ದೀರಲ್ಲ, ಇದೊಂದು ಹೇಳಿ. ಮೊದಲ ಮೂರು ಗುಂಡು ಸರಿಯಾಗಿ ಹೋಗುತ್ತೆ. ನಾಲ್ಕನೇದರಿಂದ ಹಾಳಾದ್ದು ಎಲ್ಲೆಲ್ಲೋ ಹೋಗುತ್ತೆ. ರೈಫಲ್ ಕೆಟ್ಟಿದೆಯಾ, ನಾನು ಕೆಟ್ಟಿದ್ದೀನಾ?"

ಹಿಂದೆಯೇ ಗುರಿ ಕಾಗದದ ಫೋಟೋ ಬಂತು. ಮೂರು ತೂತು ಒಂದು ಕಾಫಿ ಲೋಟದ ಬಾಯಿಯಷ್ಟು ಜಾಗದಲ್ಲಿ. ನಾಲ್ಕನೇದು ಸ್ವಲ್ಪ ಬಲಕ್ಕೆ. ಐದನೇದು ಇನ್ನೂ ಬಲಕ್ಕೆ, ಮೇಲಕ್ಕೆ. ಒಂಬತ್ತನೇದು ಬರುವ ಹೊತ್ತಿಗೆ ಒಂದು ಗೇಣು ದೂರ. ಸಾಲಾಗಿ ಮೆಟ್ಟಿಲು ಹತ್ತಿದ ಹಾಗೆ. ಆ ಮೆಟ್ಟಿಲು ನೋಡಿದ ಕೂಡಲೇ ಅರ್ಧ ಉತ್ತರ ಸಿಕ್ಕಿತು. ಕೈ ನಡುಗಿ ತಪ್ಪಿದ ಗುಂಡುಗಳು ನಾಲ್ಕೂ ದಿಕ್ಕಿಗೆ ಚೆಲ್ಲುತ್ತವೆ, ಒಂದೇ ಕಡೆ ಸಾಲು ಹಿಡಿದು ಹೋಗುವುದಿಲ್ಲ. ಇದು ಬಿಸಿಯ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಮುಗಿದ ಕಥೆ. ಅಲ್ಲಿ ಹಾಗಲ್ಲ. ತರಬೇತಿ ಮುಗಿಸಿ, ಲೈಸೆನ್ಸ್ ತೆಗೆದುಕೊಂಡು, ದೂರಕ್ಕೆ ಕಾಣುವಂಥ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಸೀಸನ್‌ನಲ್ಲಿ ಮಾತ್ರ ಹೋಗಬಹುದು. ನಮ್ಮ ಹುಡುಗ ಎಲ್ಕ್ ಹುಡುಕಿಕೊಂಡು ಹೋಗುತ್ತಾನೆ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ.

ಇದನ್ನೆಲ್ಲ ಬರೆದಿಡೋಣ ಅನಿಸಿದ್ದಕ್ಕೆ ಇನ್ನೊಂದು ಕಾರಣ ನಮ್ಮ ಬಿಲ್ಡಿಂಗಿನ ಮಕ್ಕಳು. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದರಲ್ಲ, ಕೊಲ್ಹಾಪುರ ಜಿಲ್ಲೆಯ ಹುಡುಗ, ನಮ್ಮ ನಿಪ್ಪಾಣಿಯಿಂದ ದೂರವೇನಿಲ್ಲ, ಕೆಲಸ ಸೆಂಟ್ರಲ್ ರೈಲ್ವೆಯಲ್ಲಿ. ಆಮೇಲೆ ಪುಣೆಯಲ್ಲಿ ರೈಫಲ್ ಅನ್ನೋದು ಮನೆಮಾತಾಯಿತು. ನಮ್ಮ ಕನ್ನಡದ ಮನೆಗಳಿಂದಲೇ ಇಬ್ಬರು ಮಕ್ಕಳು ಬಾಲೇವಾಡಿಗೆ ಅಭ್ಯಾಸಕ್ಕೆ ಹೋಗುತ್ತಾರೆ. ಭಾವಮೈದುನನ ಕಥೆ ಕೇಳಿ ಒಬ್ಬಳು ಕೇಳಿದಳು: "ಅಂಕಲ್, ನಮ್ಮ ರೈಫಲ್ ಯಾಕೆ ಬಿಸಿ ಆಗಲ್ಲ?" ಒಳ್ಳೆ ಪ್ರಶ್ನೆ.

ನಾನು ಬಂದೂಕು ಹಿಡಿದವನಲ್ಲ. ಭೋಸರಿಯ ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಉಕ್ಕು ಕಾಯಿಸಿ ತಣಿಸಿದವನು. ಆದರೆ ನಳಿಗೆಯೂ ಉಕ್ಕೇ ತಾನೇ.

ಮೊದಲು ಒಂದಿಷ್ಟು ಹೆಸರು

ಗುಂಡು ಹಾದುಹೋಗುವ ಉದ್ದನೆಯ ಕೊಳವೆಯೇ ನಳಿಗೆ, ಅಂದರೆ ಬ್ಯಾರಲ್. ಅದರ ಒಳಗೋಡೆಯಲ್ಲಿ ಸ್ಕ್ರೂ ಥರ ತಿರುಚಿಕೊಂಡ ಗೀರುಗಳಿರುತ್ತವೆ. ಗುಂಡು ಆ ಗೀರಿಗೆ ಕಚ್ಚಿಕೊಂಡು ಬುಗುರಿಯ ಹಾಗೆ ಸುತ್ತುತ್ತಾ ಹೊರಬರುತ್ತದೆ. ಸುತ್ತುವ ಬುಗುರಿ ಬೀಳುವುದಿಲ್ಲ, ಸುತ್ತುವ ಗುಂಡು ದಾರಿ ತಪ್ಪುವುದಿಲ್ಲ. ಈ ಗೀರಿಗೆ ಇಂಗ್ಲಿಷಿನಲ್ಲಿ ರೈಫ್ಲಿಂಗ್ ಅನ್ನುತ್ತಾರೆ, ರೈಫಲ್ ಅನ್ನೋ ಹೆಸರು ಬಂದದ್ದೇ ಅದರಿಂದ.

ಗುಂಡು, ಮದ್ದು, ಹಿತ್ತಾಳೆ ಕೋಶ ಮೂರೂ ಸೇರಿದ್ದು ತೋಟೆ. ತೋಟೆ ಕೂರುವ ಗೂಡು ಚೇಂಬರ್. ಅದನ್ನು ಹಿಂದಿನಿಂದ ಮುಚ್ಚುವ ಅಗುಳಿ ಬೋಲ್ಟ್. ಒಂದು ಸಲ ಗುಂಡು ಹೊಡೆದರೆ ಮಲೆನಾಡಿನಲ್ಲಿ ಒಂದು ಈಡು ಅನ್ನುತ್ತಾರೆ, ಚೆನ್ನಾದ ಮಾತು, ನಾನೂ ಅದನ್ನೇ ಬಳಸುತ್ತೇನೆ.

ಒಂದು ಈಡಿಗೆ ಎಷ್ಟು ಬಿಸಿ?

ಭಾವಮೈದುನನದು .308 ವಿಂಚೆಸ್ಟರ್ ತೋಟೆ, ಆ ಅಂಕಿ ಇಂಚಿನ ಲೆಕ್ಕದಲ್ಲಿ ಗುಂಡಿನ ಅಡ್ಡಳತೆ. ಅದರಲ್ಲಿ ಸುಮಾರು 45 ಗ್ರೇನ್ ಮದ್ದು, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 3 ಗ್ರಾಂ. ಒಗ್ಗರಣೆಗೆ ಹಾಕುವ ಒಂದು ಚಮಚ ಸಾಸಿವೆಯಷ್ಟು. ಅಷ್ಟೇ ಮದ್ದಿನಲ್ಲಿ ಸುಮಾರು 11,000 ಜೂಲ್ ಶಕ್ತಿ ಅಡಗಿರುತ್ತದೆ. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಗುಂಡಿನ ಜೊತೆ ಹೋಗುತ್ತದೆ. ಇನ್ನೊಂದು ಪಾಲು ಬಿಸಿ ಅನಿಲವಾಗಿ ನಳಿಗೆಯ ಬಾಯಿಂದ ಆಚೆ ಹಾರುತ್ತದೆ. ಉಳಿದ ಪಾಲನ್ನು ನಳಿಗೆ ನುಂಗಿಕೊಳ್ಳುತ್ತದೆ, ಸುಮಾರು 3,000 ಜೂಲ್.

ಮದ್ದು ಉರಿಯುವಾಗ ಅನಿಲದ ಬಿಸಿ 2,500 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ. ಉಕ್ಕು ಕರಗುವುದು 1,500ರ ಹತ್ತಿರ. ಹಾಗಾದರೆ ನಳಿಗೆ ಕರಗಬೇಕಿತ್ತಲ್ಲ? ಕರಗಲ್ಲ. ಮಂಗಳಾರತಿ ತೆಗೆದುಕೊಳ್ಳುವಾಗ ಕೈ ಬೆಂಕಿಯ ಮೇಲೆ ಹಾದು ಬರುತ್ತದೆ, ಸುಡುತ್ತದಾ? ಇಲ್ಲ. ಬಿಸಿ ಎಷ್ಟಿದೆ ಅನ್ನೋದು ಒಂದು, ಎಷ್ಟು ಹೊತ್ತು ತಾಗಿತು ಅನ್ನೋದು ಇನ್ನೊಂದು. ಗುಂಡು ನಳಿಗೆಯೊಳಗೆ ಇರುವುದೇ ಒಂದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ. ಒಳಗೋಡೆಯ ತೀರಾ ತೆಳುವಾದ ಪದರ ಮಾತ್ರ ಆ ಕ್ಷಣಕ್ಕೆ ಕೆಂಡದಂತೆ ಕಾಯುತ್ತದೆ, ಆಮೇಲೆ ಆ ಬಿಸಿ ಹಿಂದಿನ ದಪ್ಪ ಉಕ್ಕಿಗೆ ಹರಡಿ ಇಳಿಯುತ್ತದೆ. ಆದರೆ ಅದೇ ಮಂಗಳಾರತಿಯ ಮೇಲೆ ಬಿಡದೆ ಇಪ್ಪತ್ತು ಸಲ ಕೈ ಆಡಿಸಿ ನೋಡಿ. ಗೊತ್ತಾಗುತ್ತದೆ.

ಈಗ ಆ ಹುಡುಗಿಯ ಪ್ರಶ್ನೆ. ಅವಳು ಹೊಡೆಯುವುದು 10 ಮೀಟರ್ ಏರ್ ರೈಫಲ್. ಅದರಲ್ಲಿ ಮದ್ದೇ ಇಲ್ಲ, ಒತ್ತಿಟ್ಟ ಗಾಳಿ ಅಷ್ಟೇ. ಬೆಂಕಿ ಇಲ್ಲದ ಮೇಲೆ ಬಿಸಿ ಎಲ್ಲಿಂದ? ಕುಸಾಳೆ ಹೊಡೆದದ್ದು .22, ಅದರಲ್ಲಿ ಮದ್ದು ಇದೆ, ಆದರೆ ಒಂದೆರಡು ಗ್ರೇನ್ ಮಾತ್ರ. .308ರ ಮುಂದೆ ಅದು ಚಿಟಿಕೆ. ಮೇಲಾಗಿ ಅವರ ರೈಫಲ್ ಭಾರ, ನಿಯಮದ ಪ್ರಕಾರ 8 ಕಿಲೋವರೆಗೆ ಇರಬಹುದು. ಅಷ್ಟು ಉಕ್ಕಿಗೆ ಅಷ್ಟು ಚಿಟಿಕೆ ಮದ್ದು ಏನು ಮಾಡೀತು? ಅರ್ಹತಾ ಸುತ್ತಿನಲ್ಲಿ 60 ಈಡು ಹೊಡೆದರೂ ಬಿಸಿ ಅಲ್ಲಿ ದೊಡ್ಡ ತಲೆನೋವಲ್ಲ. ಅವರ ತಲೆನೋವು ಬೇರೆ, 50 ಮೀಟರ್ ಆಚೆ ಇರುವ 10.4 ಮಿಲಿಮೀಟರ್ ಚುಕ್ಕೆ.

ತೆಳು ಕಾವಲಿ, ದಪ್ಪ ಕಾವಲಿ

ಬೆಟ್ಟ ಹತ್ತಿ ಶಿಕಾರಿ ಮಾಡುವವರಿಗೆ ರೈಫಲ್ ಹಗುರ ಇರಬೇಕು. ದಿನವಿಡೀ ಹೆಗಲ ಮೇಲೆ ಹೊರುವುದು, ಹೊಡೆಯುವುದು ಒಂದೇ ಒಂದು ಈಡು, ಹೆಚ್ಚಂದ್ರೆ ಎರಡು. ಎಷ್ಟೋ ದಿನ ಅದೂ ಇಲ್ಲ, ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬರುವುದೇ. ಅದಕ್ಕೇ ಎರಡೂವರೆ ಕಿಲೋ ಆಸುಪಾಸಿನ ರೈಫಲ್‌ಗಳು ಬಂದಿವೆ. ತೂಕ ಇಳಿಸಲು ಸುಲಭದ ಜಾಗ ನಳಿಗೆ. ಹೊರಗಿನಿಂದ ಲೇತ್ ಮೇಲೆ ಕೆರೆದು ಪೆನ್ಸಿಲ್‌ನಂತೆ ಸಣ್ಣ ಮಾಡಿಬಿಡುತ್ತಾರೆ.

ಲೆಕ್ಕ ಹಾಕೋಣ. ಹಗುರ ನಳಿಗೆಯ ತೂಕ 1 ಕಿಲೋ ಅಂದುಕೊಳ್ಳಿ. 1 ಕಿಲೋ ಉಕ್ಕನ್ನು 1 ಡಿಗ್ರಿ ಏರಿಸಲು ಸುಮಾರು 480 ಜೂಲ್ ಬೇಕು. ಒಂದು ಈಡಿಗೆ 3,000 ಜೂಲ್ ಸಿಕ್ಕರೆ ನಳಿಗೆ ಸುಮಾರು 6 ಡಿಗ್ರಿ ಏರುತ್ತದೆ. ಬಿಡುವಿಲ್ಲದೆ 10 ಈಡು ಹೊಡೆದರೆ 60 ಡಿಗ್ರಿ, ಗಾಳಿಗೆ ಹೋದದ್ದನ್ನು ಒಂದಿಷ್ಟು ಕಳೆಯಿರಿ. ಅದೇ ಎರಡೂವರೆ ಕಿಲೋ ದಪ್ಪ ನಳಿಗೆಯಾದರೆ ಈಡಿಗೆ ಎರಡೂವರೆ ಡಿಗ್ರಿ ಮಾತ್ರ. ಇದು ಸರಾಸರಿ ಲೆಕ್ಕ. ನಿಜದಲ್ಲಿ ಚೇಂಬರ್ ಕಡೆ ಬಿಸಿ ಜಾಸ್ತಿ, ಬಾಯಿ ಕಡೆ ಕಮ್ಮಿ.

ಮನೆಯಲ್ಲಿ ಎರಡು ಕಾವಲಿ ಇರುತ್ತವಲ್ಲ. ಅಜ್ಜಿಯ ಕಾಲದ ಬೀಡು ಕಬ್ಬಿಣದ ದೋಸೆ ಕಾವಲಿ ಕಾಯುವುದಕ್ಕೆ ಹತ್ತು ನಿಮಿಷ ತಿನ್ನುತ್ತದೆ, ಆರಿಸಿದ ಮೇಲೂ ಅರ್ಧ ಗಂಟೆ ಬಿಸಿ ಬಿಡಲ್ಲ. ತೆಳು ಅಲ್ಯೂಮಿನಿಯಂ ತವಾ ಹಿಟ್ಟು ಕಲಸುವಷ್ಟರಲ್ಲಿ ಹೊಗೆ, ಇಳಿಸಿದರೆ ಬೇಗ ತಣ್ಣಗೆ. ನಳಿಗೆಯೂ ಹಾಗೇ. ಹಗುರದ್ದು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಇದು ದೋಷ ಅಲ್ಲ, ಸ್ವಭಾವ.

ಬಿಸಿಯಾದರೆ ಗುರಿ ಏಕೆ ಸರಿಯುತ್ತದೆ?

ಉಕ್ಕು ಬಿಸಿಯಾದರೆ ಹಿಗ್ಗುತ್ತದೆ. ಪ್ರತಿ ಡಿಗ್ರಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 12 ಮೈಕ್ರಾನ್. 60 ಸೆಂಟಿಮೀಟರ್ ನಳಿಗೆ 50 ಡಿಗ್ರಿ ಏರಿದರೆ ಉದ್ದವಾಗುವುದು ಹತ್ತಿರ 0.36 ಮಿಲಿಮೀಟರ್. ನಾಲ್ಕು ಕಡೆಯೂ ಒಂದೇ ಸಮ ಹಿಗ್ಗಿದರೆ ತೊಂದರೆ ಏನೂ ಇಲ್ಲ, ನಳಿಗೆ ನೇರವಾಗೇ ಇರುತ್ತದೆ. ತೊಂದರೆ ಇರುವುದು ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಹಿಗ್ಗಿದಾಗ. ಆಗ ನಳಿಗೆ ಬಾಗುತ್ತದೆ, ಬಾಯಿ ತಣ್ಣಗಿರುವ ಕಡೆಗೆ ತಿರುಗುತ್ತದೆ.

ಎಷ್ಟು ಬಾಗಿದರೆ ಎಷ್ಟು ತಪ್ಪುತ್ತದೆ ಅಂತ ಒಂದು ರಾತ್ರಿ ಕೂತು ಲೆಕ್ಕ ಮಾಡಿದೆ. 16 ಮಿಲಿಮೀಟರ್ ದಪ್ಪದ, 60 ಸೆಂಟಿಮೀಟರ್ ಉದ್ದದ ನಳಿಗೆ. ಎಡಬದಿಗೂ ಬಲಬದಿಗೂ ಉದ್ದಕ್ಕೂ 1 ಡಿಗ್ರಿ ವ್ಯತ್ಯಾಸ. ಬಾಯಿ ತಿರುಗಿದ್ದು ಕಣ್ಣಿಗೆ ಕಾಣುವಷ್ಟೂ ಇಲ್ಲ. ಆದರೆ 100 ಮೀಟರ್ ದೂರದಲ್ಲಿ ಗುಂಡು ನಾಲ್ಕರಿಂದ ಐದು ಸೆಂಟಿಮೀಟರ್ ಪಕ್ಕಕ್ಕೆ! ಒಂದೇ ಒಂದು ಡಿಗ್ರಿಗೆ. ಯುದ್ಧದ ಟ್ಯಾಂಕುಗಳ ಉದ್ದ ನಳಿಗೆಗೆ ಮೇಲೊಂದು ಕವಚ ತೊಡಿಸಿರುವುದು ಇದಕ್ಕೇ. ಒಂದು ಬದಿಗೆ ಬಿಸಿಲು, ಇನ್ನೊಂದು ಬದಿಗೆ ಗಾಳಿ ಬಡಿದು ನಳಿಗೆ ಬಾಗಬಾರದು ಅಂತ.

ಸರಿ, ಒಳಗೆ ಸುತ್ತಲೂ ಒಂದೇ ಸಮ ಬೆಂಕಿ ಬೀಳುವಾಗ ಒಂದು ಕಡೆ ಹೆಚ್ಚು ಹಿಗ್ಗುವುದು ಹೇಗೆ? ಇಲ್ಲಿ ಮೂರು ವಿಷಯ ಇದೆ.

ಮೊದಲನೆಯದು ತೂತು ನಡುಮಧ್ಯಕ್ಕೆ ಇಲ್ಲದಿರುವುದು. ನಳಿಗೆಯ ತೂತು ಕೊರೆಯುವ ಉದ್ದ ಡ್ರಿಲ್‌ಗೆ ಗನ್ ಡ್ರಿಲ್ ಅಂತಲೇ ಹೆಸರು. ನಮ್ಮ ಭೋಸರಿ, ಚಾಕಣದ ಶಾಪುಗಳಲ್ಲಿ ಅದೇ ಹೆಸರಿನ ಡ್ರಿಲ್‌ನಿಂದ ಎಂಜಿನ್ ಭಾಗಗಳಿಗೆ ಎಣ್ಣೆ ಹರಿಯುವ ಉದ್ದ ತೂತು ಕೊರೆಯುತ್ತಾರೆ, ಬಂದೂಕಿನ ಮುಖವನ್ನೇ ನೋಡದ ಹುಡುಗರು ದಿನವಿಡೀ "ಗನ್ ಡ್ರಿಲ್ ಹಾಕು" ಅನ್ನುತ್ತಿರುತ್ತಾರೆ. ಎಷ್ಟೇ ಒಳ್ಳೆ ಡ್ರಿಲ್ ಆದರೂ ಉದ್ದ ತೂತು ಕೂದಲೆಳೆಯಷ್ಟು ಆಚೀಚೆ ಹೋಗುತ್ತದೆ. ಆಗ ಒಂದು ಬದಿಯ ಗೋಡೆ ದಪ್ಪ, ಇನ್ನೊಂದು ತೆಳು. ದಪ್ಪ ನಳಿಗೆಯಲ್ಲಿ ಅಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ, ಪೆನ್ಸಿಲ್ ನಳಿಗೆಯಲ್ಲಿ ಇದೆ.

ಎರಡನೆಯದು ಉಕ್ಕಿನೊಳಗೆ ಅಡಗಿ ಕೂತಿರುವ ಬಿಗಿತ. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ವರ್ಷಗಳ ಹಿಂದೆ ಒಂದು ಕಾರ್ಖಾನೆಗೆ ಉದ್ದ ಶಾಫ್ಟ್ ಮಾಡಿಕೊಡಬೇಕಿತ್ತು. ಬಾರ್ ಬಂದದ್ದೇ ಸ್ವಲ್ಪ ಸೊಟ್ಟ. ಪ್ರೆಸ್ಸಿನಲ್ಲಿ ಒತ್ತಿ ನೇರ ಮಾಡಿದರು. ಲೇತ್ ಮೇಲೆ ಕಟ್ಟಿ ತಿರುಗಿಸಿದರು. ವಿ ಬ್ಲಾಕ್ ಮೇಲಿಟ್ಟು, ಸೊಟ್ಟ ಅಳೆಯುವ ಡಯಲ್ ಹಚ್ಚಿ ನೋಡಿದೆ, ಮುಳ್ಳು ಅಲುಗಾಡಲಿಲ್ಲ. ಜಾಬ್ ಪಾಸ್. ಆಮೇಲೆ ಒಂದು ಬದಿಗೆ ಕೀ ಕೂರುವ ಕಾಲುವೆ ಕೊರೆದರು. ಮತ್ತೆ ಡಯಲ್ ಹಚ್ಚಿದರೆ ಮುಳ್ಳು ಗಿರ್ರನೆ ಅರ್ಧ ಸುತ್ತು! ಯಾರೂ ಬಡಿದಿಲ್ಲ, ಬೀಳಿಸಿಲ್ಲ. ಒತ್ತಿ ನೇರ ಮಾಡಿದಾಗ ಒಳಗೆ ಉಳಿದ ಬಿಗಿತ ಒಂದು ಕಡೆಯ ಉಕ್ಕು ತೆಗೆದ ಕೂಡಲೇ ಸಡಿಲಾಯಿತು, ಶಾಫ್ಟ್ ತನ್ನ ಹಳೇ ಸೊಟ್ಟಕ್ಕೆ ಹೋಯಿತು. ಮಧ್ಯದಲ್ಲಿ ಒಂದು ಸಲ ಫರ್ನೇಸಿಗೆ ಹಾಕಿ ನಿಧಾನಕ್ಕೆ ತಣಿಸಿದ್ದರೆ ಹೀಗಾಗುತ್ತಿರಲಿಲ್ಲ. ಅರ್ಜೆಂಟ್ ಅಂತ ಬಿಟ್ಟಿದ್ದರು. ಹನ್ನೊಂದು ಶಾಫ್ಟ್ ಗುಜರಿಗೆ ಹೋದವು. ಬೈಸಿಕೊಂಡದ್ದು ನಾನು.

ನಳಿಗೆಯ ಕಥೆಯೂ ಇದೇ. ತಿರುಪು ಗೀರು ಮಾಡುವ ಒಂದು ವಿಧಾನದಲ್ಲಿ ಗಟ್ಟಿ ಕಾರ್ಬೈಡ್ ಗುಂಡಿಯೊಂದನ್ನು ತೂತಿನೊಳಗೆ ಬಲವಾಗಿ ಎಳೆಯುತ್ತಾರೆ, ಉಕ್ಕು ಒತ್ತಿಹೋಗಿ ಗೀರು ಮೂಡುತ್ತದೆ. ಬಿಗಿತ ಒಳಗೆ ಕೂರುತ್ತದೆ. ಒಳ್ಳೆ ತಯಾರಕರು ಆಮೇಲೆ 500 ಡಿಗ್ರಿ ದಾಟಿಸಿ ಕಾಯಿಸಿ, ನಿಧಾನವಾಗಿ ಆರಿಸಿ ಆ ಬಿಗಿತ ಬಿಡಿಸುತ್ತಾರೆ. ಎಲ್ಲ ಪೂರ್ತಿ ಹೋಗದೆ ಉಳಿದರೆ, ಈಡಿನ ಬಿಸಿ ಏರಿದಂತೆಲ್ಲ ನಳಿಗೆ ಒಂದೇ ದಿಕ್ಕಿಗೆ ಮೆಲ್ಲಗೆ ಸರಿಯುತ್ತದೆ. ಆರಿದ ಮೇಲೆ ವಾಪಸ್ ಬರುತ್ತದೆ. ಭಾವಮೈದುನನ ಕಾಗದದ ಮೇಲೆ ಮೆಟ್ಟಿಲು ಮೂಡಿದ್ದು ಹೀಗೆ. ಹಗುರ ನಳಿಗೆಯಲ್ಲಿ ಹೊರಗಿನ ಉಕ್ಕನ್ನು ಜಾಸ್ತಿ ಕೆರೆದಿರುತ್ತಾರೆ, ಬಾಗುವುದನ್ನು ತಡೆಯುವ ದಪ್ಪವೂ ಇಲ್ಲ, ಎರಡು ಕಡೆಯಿಂದ ಪೆಟ್ಟು.

ಮೂರನೆಯದು ನಳಿಗೆ ಮರದ ಹಿಡಿಗೆ ತಾಗುವುದು. ನಳಿಗೆಯ ಕೆಳಗೆ ಉದ್ದಕ್ಕೂ ಮರದ ಇಲ್ಲವೇ ಪ್ಲಾಸ್ಟಿಕ್ ಹಿಡಿ ಚಾಚಿರುತ್ತದೆ. ಬಿಸಿಯಾಗಿ ಬಾಗಿದ ನಳಿಗೆ ಅದಕ್ಕೆ ಒತ್ತಿದರೆ ಅದು ತಿರುಗಿ ನಳಿಗೆಯನ್ನು ತಳ್ಳುತ್ತದೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಸೇತುವೆಗಳ ಮೇಲೆ ಕಾರು ಹೋಗುವಾಗ ಧಡ್ ಧಡ್ ಅನ್ನುತ್ತಲ್ಲ, ಹಿಗ್ಗುವುದಕ್ಕೆ ಬಿಟ್ಟ ಸಂದು ಅದು. ರೈಫಲ್‌ಗೂ ಅಂಥ ಸಂದು ಬೇಕು. ನಳಿಗೆ ಹಿಂದೆ ಮಾತ್ರ ಬಿಗಿದು, ಉಳಿದಷ್ಟೂ ಗಾಳಿಯಲ್ಲಿ ತೇಲುವಂತೆ ಬಿಡುತ್ತಾರೆ. ಇದಕ್ಕೆ ಫ್ರೀ ಫ್ಲೋಟ್ ಅಂತ ಹೆಸರು. ಪರೀಕ್ಷೆ ತೀರಾ ಸುಲಭ. ನಳಿಗೆಗೂ ಹಿಡಿಗೂ ನಡುವೆ ಒಂದು ನೋಟು ತೂರಿಸಿ, ಬಾಯಿ ಕಡೆಯಿಂದ ಹಿಂದಕ್ಕೆ ಜಾರಿಸಿ. ಎಲ್ಲೂ ಸಿಕ್ಕದೆ ಹೋದರೆ ಸರಿ. ಮಳೆಗಾಲದಲ್ಲಿ ಗೋವಾ, ಮುಂಬೈ ಮನೆಗಳ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಲ್ಲ, ಮರದ ಹಿಡಿಯೂ ಹಾಗೇ ತೇವ ಕುಡಿದು ಉಬ್ಬುತ್ತದೆ. ಒಣ ಹವೆಯಲ್ಲಿ ಪಾಸಾದ ನೋಟು ತೇವದಲ್ಲಿ ಸಿಕ್ಕಿಕೊಳ್ಳಬಹುದು.

ಕಣ್ಣಿಗೂ ಮೋಸ

ನಳಿಗೆ ಬಾಗದಿದ್ದರೂ ಬಿಸಿ ಇನ್ನೊಂದು ಆಟ ಆಡುತ್ತದೆ. ಮೇ ತಿಂಗಳಲ್ಲಿ ಸೊಲ್ಲಾಪುರದ ರಸ್ತೆ ಮೇಲೆ ದೂರದಲ್ಲಿ ನೀರು ನಿಂತ ಹಾಗೆ ಕಾಣುತ್ತೆ. ಬಿಸಿ ಗಾಳಿ ಬೆಳಕನ್ನು ಬಗ್ಗಿಸುತ್ತದೆ. ಕಾದ ನಳಿಗೆಯಿಂದಲೂ ಅಂಥ ಗಾಳಿ ಮೇಲೇಳುತ್ತದೆ, ಗುರಿ ನೋಡುವ ದುರ್ಬೀನು ಇರುವುದು ಸರಿಯಾಗಿ ಅದರ ಮೇಲೆ. ಗುರಿ ಕುಣಿಯುತ್ತದೆ, ಇಲ್ಲದ ಜಾಗದಲ್ಲಿ ಕಾಣುತ್ತದೆ. ಸ್ಪರ್ಧೆಯವರು ನಳಿಗೆಯ ಮೇಲೆ ಉದ್ದಕ್ಕೆ ಒಂದು ಅಗಲ ಪಟ್ಟಿ ಕಟ್ಟಿ ಆ ಗಾಳಿಯನ್ನು ಪಕ್ಕಕ್ಕೆ ಸರಿಸುತ್ತಾರೆ.

ಇನ್ನೊಂದು ಸಣ್ಣ ವಿಷಯ. ಬಿಸಿ ಚೇಂಬರಿನಲ್ಲಿ ತೋಟೆಯನ್ನು ಸುಮ್ನೆ ಕೂರಿಸಿಟ್ಟರೆ ಒಳಗಿನ ಮದ್ದೂ ಕಾಯುತ್ತದೆ. ಕಾದ ಮದ್ದು ಹೆಚ್ಚು ಒತ್ತಡದಿಂದ ಉರಿದು ಗುಂಡಿನ ವೇಗ ಸ್ವಲ್ಪ ಏರುತ್ತದೆ, ದೂರದ ಗುರಿಯಲ್ಲಿ ಗುಂಡು ಮೇಲಕ್ಕೆ ಬೀಳುತ್ತದೆ. ಮೆಷಿನ್ ಗನ್ನಿನಂಥ ವಿಪರೀತ ಬಿಸಿಯಲ್ಲಿ ಕುದುರೆ, ಅಂದರೆ ಟ್ರಿಗರ್, ಒತ್ತದೆಯೇ ತೋಟೆ ತಾನಾಗಿ ಹೊಡೆದುಕೊಳ್ಳುವುದೂ ಉಂಟು. ಒಂದೊಂದೇ ಹೊಡೆಯುವ ಶಿಕಾರಿ ರೈಫಲ್ ಅಷ್ಟು ಕಾಯುವುದು ಅಪರೂಪ, ಆದರೂ ಬಿಡುವು ಕೊಡುವಾಗ ಚೇಂಬರ್ ಖಾಲಿ ಇರಬೇಕು ಅನ್ನೋದು ಪಾಠ.

ನಳಿಗೆಯ ಆಯಸ್ಸು

ಬಿಸಿ ಆರಿದ ಮೇಲೆ ಗುರಿ ವಾಪಸ್ ಬರುತ್ತದೆ. ಸವೆತ ಮಾತ್ರ ವಾಪಸ್ ಬರಲ್ಲ. ಚೇಂಬರ್ ಮುಗಿದು ಗೀರು ಶುರುವಾಗುವ ಜಾಗಕ್ಕೆ ಗಂಟಲು ಅನ್ನಬಹುದು. ಬೆಂಕಿಯ ಮೊದಲ ಪೆಟ್ಟು ಅಲ್ಲಿಗೇ. ಒಳಪದರ ಪ್ರತಿ ಈಡಿಗೂ ಕಾದು, ಆರಿ, ಗಡುಸಾಗಿ, ಸಣ್ಣ ಸಣ್ಣ ಬಿರುಕು ಬಿಡುತ್ತದೆ, ಬೇಸಿಗೆಯಲ್ಲಿ ಒಣಗಿದ ಕೆರೆಯ ಕೆಸರಿನಂತೆ. ಆಮೇಲೆ ಬಿಸಿ ಅನಿಲ ಅದನ್ನು ಚೂರು ಚೂರೇ ಕಿತ್ತೊಯ್ಯುತ್ತದೆ. ನಳಿಗೆ ಮೊದಲೇ ಕಾದಿದ್ದರೆ ಈ ಕೆಲಸ ಇನ್ನೂ ಜೋರು. .308 ನಳಿಗೆ ಸಾಮಾನ್ಯವಾಗಿ ಕೆಲವು ಸಾವಿರ ಈಡು ಬಾಳುತ್ತದೆ. ಮದ್ದು ಜಾಸ್ತಿ ತುಂಬುವ ಮ್ಯಾಗ್ನಮ್ ತೋಟೆಗಳಲ್ಲಿ ಅದಕ್ಕಿಂತ ಎಷ್ಟೋ ಬೇಗ ಮುಗಿಯುತ್ತದೆ.

ಹಾಗಾದರೆ ಏನು ಮಾಡುತ್ತಾರೆ?

ಮುಖ್ಯ ಔಷಧ ತಾಳ್ಮೆ. ಹಗುರ ರೈಫಲ್‌ನಲ್ಲಿ ಮೂರು ಈಡು ಹೊಡೆದು ನಿಲ್ಲಿಸುತ್ತಾರೆ. ಐದಲ್ಲ, ಹತ್ತಲ್ಲ. ಆಮೇಲೆ ಹತ್ತು ಹದಿನೈದು ನಿಮಿಷ ಬಿಡುವು, ಬಿಸಿಲು ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಚೇಂಬರ್ ಖಾಲಿ ಮಾಡಿ, ಬೋಲ್ಟ್ ತೆರೆದಿಟ್ಟು, ನಳಿಗೆ ಮೇಲ್ಮುಖವಾಗಿ ಇರುವಂತೆ ನೆರಳಿನಲ್ಲಿ ಸ್ಟ್ಯಾಂಡಿಗೆ ಒರಗಿಸುತ್ತಾರೆ. ಹಳ್ಳಿಮನೆಯ ಹೊಗೆಗೂಡು ಕೆಲಸ ಮಾಡುವ ಹಾಗೇ ಇದು. ಒಳಗಿನ ಬಿಸಿ ಗಾಳಿ ಮೇಲಿನಿಂದ ಹೋಗುತ್ತದೆ, ತೆರೆದ ಚೇಂಬರಿನಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ. ಬೋಲ್ಟ್ ಮುಚ್ಚಿ ಮಲಗಿಸಿಟ್ಟರೆ ಆ ಗಾಳಿಯಾಟ ಇಲ್ಲ. ಚೇಂಬರಿಗೆ ಗಾಳಿ ಊದುವ ಪುಟ್ಟ ಬ್ಯಾಟರಿ ಫ್ಯಾನುಗಳೂ ಸಿಗುತ್ತವೆ.

ಎಷ್ಟು ಬಿಸಿ ಅಂತ ತಿಳಿಯೋದು ಹೇಗೆ? ರೈಫಲ್ ಖಾಲಿ ಅಂತ ಕಣ್ಣಾರೆ ನೋಡಿದ ಮೇಲೆ, ಚೇಂಬರಿನ ಸ್ವಲ್ಪ ಮುಂದೆ ನಳಿಗೆಯನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಆರಾಮಾಗಿ ಹಿಡಿದುಕೊಂಡೇ ಇರಬಹುದು ಅಂದರೆ ಮುಂದುವರಿಸಬಹುದು. ಸ್ಟೀಲ್ ಲೋಟದ ಬಿಸಿ ಕಾಫಿಯ ಹಾಗೆ ಕೈ ಬದಲಾಯಿಸಬೇಕು ಅನಿಸಿದರೆ ಸಾಕು, ನಿಲ್ಲಿಸಬೇಕು. ನಂಬರ್ ಬೇಕು ಅನ್ನುವವರಿಗೆ ಅಂಟಿಸುವ ಉಷ್ಣಪಟ್ಟಿ ಇದೆ. ನಾವು ಶಾಪಿನಲ್ಲಿ ಬಳಸುವ ಪಿಸ್ತೂಲಿನಾಕಾರದ ಇನ್ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಸ್ಟೇನ್‌ಲೆಸ್ ಮೇಲೆ ಸುಳ್ಳು ಹೇಳುತ್ತದೆ, ನಿಜಕ್ಕಿಂತ ಕಮ್ಮಿ ತೋರಿಸುತ್ತದೆ. ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ನೋಡಬೇಕು.

ಕಾಯುವ ಹೊತ್ತು ಬೇಜಾರು ಅಂತ ಹಲವರು ಜೊತೆಗೆ ಒಂದು .22 ಒಯ್ಯುತ್ತಾರಂತೆ. ದೊಡ್ಡದು ಆರುವ ತನಕ ಚಿಕ್ಕದರಲ್ಲಿ ಅಭ್ಯಾಸ. ನನಗೆ ಇದು ಬಹಳ ಇಷ್ಟವಾಯಿತು, ಒಂದು ಒಲೆ ಮೇಲೆ ಅನ್ನ ಅರಳುವ ತನಕ ಇನ್ನೊಂದರಲ್ಲಿ ಪಲ್ಯ.

ನೀರು ಹಾಕಬಹುದಾ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. 1884ರಲ್ಲಿ ಬಂದ ಮ್ಯಾಕ್ಸಿಮ್ ಮೆಷಿನ್ ಗನ್ನಿಗೆ ನಳಿಗೆಯ ಸುತ್ತ ನೀರಿನ ಡಬ್ಬಿಯೇ ಇತ್ತು, ಸುಮಾರು 4 ಲೀಟರ್ ಹಿಡಿಯುತ್ತಿತ್ತು. ಆದರೆ ಅಲ್ಲಿ ನೀರು ಸುತ್ತಲೂ ಒಂದೇ ಸಮ ಇರುತ್ತದೆ. ಶಿಕಾರಿ ರೈಫಲ್ ಮೇಲೆ ಮೇಲಿನಿಂದ ಬಾಟಲಿ ಸುರಿದರೆ ಮೇಲ್ಬದಿ ತಣ್ಣಗೆ, ಕೆಳಬದಿ ಬಿಸಿ. ಒಂದು ಡಿಗ್ರಿ ವ್ಯತ್ಯಾಸ ಏನು ಮಾಡುತ್ತದೆ ಅಂತ ಮೇಲೆ ನೋಡಿದೆವಲ್ಲ. ಅಲ್ಲದೆ ನೀರು ಹಿಡಿಯ ಸಂದಿಗೆ, ಬೋಲ್ಟಿಗೆ, ಕುದುರೆಯ ಯಂತ್ರಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ನಳಿಗೆಯ ಒಳಗೆ ನೀರು ಉಳಿದು ಹಾಗೇ ಈಡು ಹೊಡೆದರೆ ನಳಿಗೆಯೇ ಒಡೆಯಬಹುದು. ಬೇಡ.

ಕಾಲುವೆ ಕೊರೆದದ್ದು, ಕಾರ್ಬನ್ ಸುತ್ತಿದ್ದು

ಅಂಗಡಿಯವರು ಎರಡು ಉಪಾಯ ತೋರಿಸುತ್ತಾರೆ. ಒಂದು, ನಳಿಗೆಯ ಹೊರಮೈಗೆ ಉದ್ದುದ್ದ ಕಾಲುವೆ ಕೊರೆದದ್ದು. ಬೈಕ್ ಎಂಜಿನ್ನಿನ ರೆಕ್ಕೆಗಳ ಹಾಗೆ ಗಾಳಿಗೆ ತಾಗುವ ಮೈ ಹೆಚ್ಚುತ್ತದೆ, ಸ್ವಲ್ಪ ಬೇಗ ಆರುತ್ತದೆ. ಆದರೆ ಉಕ್ಕು ತೆಗೆದಿರುವುದರಿಂದ ಬೇಗ ಕಾಯುತ್ತದೆ ಕೂಡ. ಮುಖ್ಯ ಲಾಭ ತೂಕದಲ್ಲಿ.

ಇನ್ನೊಂದು, ತೆಳು ಉಕ್ಕಿನ ನಳಿಗೆಗೆ ಕಾರ್ಬನ್ ನಾರು ಸುತ್ತಿ ಅಂಟಿನಲ್ಲಿ ಗಟ್ಟಿ ಮಾಡಿದ್ದು. ದಪ್ಪ ಕಾಣುತ್ತದೆ, ಹಗುರ ಇರುತ್ತದೆ, ಬಾಗುವುದೂ ಕಮ್ಮಿ. ಆದರೆ ನಾರಿನ ಉದ್ದಕ್ಕೆ ಬಿಸಿ ಚೆನ್ನಾಗಿ ಹರಿಯುತ್ತದೆ, ಅಂಟಿನ ಪದರ ದಾಟಿ ಹೊರಗೆ ಬರುವುದು ಕಷ್ಟ. ಹಾಗಾಗಿ ಹೊರಗೆ ಮುಟ್ಟಿದರೆ ತಣ್ಣಗೆ, ಒಳಗಿನ ಉಕ್ಕು ಕಾದಿರಬಹುದು. ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ ಇಲ್ಲಿ ನಡೆಯಲ್ಲ, ಗಡಿಯಾರ ನೋಡಿಕೊಂಡೇ ಬಿಡುವು ಕೊಡಬೇಕು.

ತಣ್ಣನೆಯ ಮೊದಲ ಈಡು

ಭಾವಮೈದುನ ಮಾಡಿದ ನಿಜವಾದ ತಪ್ಪು ಜಾಸ್ತಿ ಹೊಡೆದದ್ದಲ್ಲ. ಗುಂಡು ಬಲಕ್ಕೆ ಮೇಲಕ್ಕೆ ಹೋಗುವುದನ್ನು ನೋಡಿ ದುರ್ಬೀನಿನ ತಿರುಪನ್ನು ಎಡಕ್ಕೆ ಕೆಳಕ್ಕೆ ತಿರುಗಿಸಿದ. ಎರಡು ಈಡು ನಡುವಿಗೆ ಬಿದ್ದವು, ಖುಷಿಯಾಗಿ ಮನೆಗೆ ಬಂದ. ಮುಂದಿನ ಶನಿವಾರ ತಣ್ಣಗಿದ್ದ ನಳಿಗೆಯ ಮೊದಲ ಗುಂಡು ಎಡಕ್ಕೆ ಕೆಳಗೆ ಅರ್ಧ ಗೇಣು ತಪ್ಪಿತು. ಅಂದರೆ ರೈಫಲ್ ಸರಿಯಾಗಿ ಹೊಡೆಯುವುದು ಕಾದಾಗ ಮಾತ್ರ ಅನ್ನುವ ಹಾಗೆ ಅವನೇ ಹೊಂದಿಸಿಟ್ಟಿದ್ದ. ಕಾಡಿನಲ್ಲಿ ಎಲ್ಕ್ ಎದುರು ನಿಂತಾಗ ನಳಿಗೆ ಬೆಳಗಿನ ಚಳಿಯಲ್ಲಿ ಮಂಜುಗಡ್ಡೆಯಂತಿರುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಮೊದಲ ಈಡು ಒಂದೇ. ಅದು ತಪ್ಪಿದರೆ ಪ್ರಾಣಿ ಗಾಯಗೊಂಡು ನರಳುತ್ತದೆ.

ಅದಕ್ಕೆ ಇನ್ನೊಂದು ಅಭ್ಯಾಸ ಇದೆ. ಒಂದೇ ಗುರಿ ಕಾಗದ ಇಟ್ಟುಕೊಂಡು, ರೇಂಜಿಗೆ ಹೋದ ಪ್ರತಿ ದಿನ ಪೂರ್ತಿ ತಣ್ಣಗಿರುವ ನಳಿಗೆಯಿಂದ ಒಂದೇ ಈಡು, ಆ ತೂತಿನ ಪಕ್ಕ ಪೆನ್ನಿನಲ್ಲಿ ತಾರೀಖು. ಕಾಗದ ಮಡಚಿ ಚೀಲಕ್ಕೆ. ಐದಾರು ಸಲ ಆದ ಮೇಲೆ ಆ ತೂತುಗಳು ಎಲ್ಲಿ ಗುಂಪು ಕಟ್ಟಿವೆಯೋ ಅದಕ್ಕೆ ದುರ್ಬೀನು ಹೊಂದಿಸುವುದು. ಬಿಸಿ ನಳಿಗೆಯ ನಾಲ್ಕನೇ, ಐದನೇ ತೂತಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ.

ತಿರುಪು ಎಷ್ಟು ಕ್ಲಿಕ್ ತಿರುಗಿಸಿದ್ದೆ ಅಂತ ಬರೆದಿಟ್ಟಿದ್ದೀಯಾ ಅಂತ ಕೇಳಿದೆ. ಇಲ್ಲ ಭಾವ, ಅಂದ. ಮೊದಲಿಂದ ಶುರು ಮಾಡಬೇಕಾಯಿತು.

ಮೊನ್ನೆ ಹೊಸ ಫೋಟೋ ಕಳಿಸಿದ. ಮಡಿಕೆ ಬಿದ್ದ ಕಾಗದ, ಐದು ತೂತು, ಐದು ತಾರೀಖು. ಪಕ್ಕದಲ್ಲಿ ಅಳತೆಗೆ ಅಂತ ನಮ್ಮಕ್ಕ ಊರಿಂದ ಕೊಟ್ಟು ಕಳಿಸಿದ್ದ ಸ್ಟೀಲ್ ಕಾಫಿ ಲೋಟ ಬೋರಲು ಹಾಕಿದ್ದ. ಮುಂದಿನ ಫೋಟೋದಲ್ಲಿ ಲೋಟ ತೂತುಗಳ ಮೇಲಿತ್ತು. ಐದೂ ಮರೆ.